ಲಾಕ್‌ಡೌನ್ ದಿನಗಳಲ್ಲಿ ನಿಮ್ಮೂರಿಗೆ ಯಾರು ಬಂದರು, ಏನು ತಂದರು?

ಗೋವಿನಜೋಳದ_ಹೊಲ (ಹಾವೇರಿ)

ಎಲ್ಲರಿಗೂ ನಮಸ್ಕಾರ. 2025ರ ಡಿಸೆಂಬರ್‌ಗೆ ಗ್ರಾಮ ಪಂಚಾಯಿತಿ ಚುನಾವಣೆ ನಡೆದು ಐದು ವರ್ಷ. ನಮ್ಮೂರಲ್ಲಿ ಆಗಲೇ ಓಡಾಟ ಶುರುವಾಗಿದೆ. ಮೊನ್ನೆ ಚಹಾ ಅಂಗಡಿ ಕಟ್ಟೆ ಮೇಲೆ ಒಬ್ಬರು, ‘ಕೊರೊನಾದಾಗ ಅಕ್ಕಿ ಕೊಟ್ಟವರನ್ನ ಮರೀಬ್ಯಾಡ್ರಿ’ ಅಂದರು. ನಾನು ಏನೂ ಹೇಳದೆ ಎದ್ದು ಬಂದೆ. ಆ ಮಾತು ಮಾತ್ರ ತಲೆಯಿಂದ ಹೋಗುತ್ತಿಲ್ಲ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ನನ್ನ ಕಥೆ ಮೊದಲು ಹೇಳಿಬಿಡುತ್ತೇನೆ. 2020ರ ಮಾರ್ಚ್ 24ರ ರಾತ್ರಿ 8 ಗಂಟೆಗೆ ಪ್ರಧಾನಿ ಟಿವಿಯಲ್ಲಿ ಬಂದರು. ಮಧ್ಯರಾತ್ರಿಯಿಂದಲೇ 21 ದಿನ ದೇಶ ಬಂದ್ ಅಂದರು. ನಾನಾಗ ಪೀಣ್ಯದ ಒಂದು ವರ್ಕ್‌ಶಾಪ್‌ನಲ್ಲಿದ್ದೆ. ಮೂರು ದಿನ ತಡೆದೆವು. ಮೆಸ್ ಮುಚ್ಚಿತ್ತು, ರೂಮಿನಲ್ಲಿ ಗ್ಯಾಸ್ ಇರಲಿಲ್ಲ. ನಾಲ್ಕನೇ ದಿನ ನಸುಕಿನಲ್ಲಿ ಬೈಕ್ ಹತ್ತಿ ಹೆದ್ದಾರಿ ಬಿಟ್ಟು ಒಳದಾರಿ ಹಿಡಿದೆ. ಊರ ಮುಂದೆ ಬಂದರೆ ರಸ್ತೆಗೆ ಅಡ್ಡಲಾಗಿ ಜಾಲಿ ಮುಳ್ಳು ಹಾಕಿದ್ದರು. ಬಡಿಗೆ ಹಿಡಿದು ನಿಂತವರಲ್ಲಿ ನಮ್ಮ ದೊಡ್ಡಪ್ಪನೂ ಇದ್ದ. ‘ತಮ್ಮಾ, ಹೊಲದಾಗ ಇರು’ ಅಂದ. ಹದಿನಾಲ್ಕು ದಿನ ಹೊಲದ ಗುಡಿಸಲಲ್ಲಿದ್ದೆ. ಅವ್ವ ಬುತ್ತಿ ತಂದು ಬದುವಿನ ಮೇಲೆ ಇಟ್ಟು, ದೂರ ನಿಂತು ನಾನು ಉಣ್ಣುವುದನ್ನ ನೋಡಿ ಹೋಗುತ್ತಿದ್ದಳು.

ಮನೆಯಲ್ಲಿ ನಲವತ್ತು ಕ್ವಿಂಟಲ್ ಗೋವಿನಜೋಳ ಇತ್ತು. ಬೇಸಿಗೆಗೆ ರೇಟ್ ಬರುತ್ತದೆ ಅಂತ ಅಪ್ಪ ಇಟ್ಟಿದ್ದ. ಫೆಬ್ರುವರಿಯಲ್ಲಿ ಕೋಳಿ ತಿಂದರೆ ಕೊರೊನಾ ಬರುತ್ತದೆ ಅಂತ ವಾಟ್ಸಾಪ್ ಸುದ್ದಿ ಹಬ್ಬಿತು, ನೆನಪಿದೆಯಾ? ಜನ ಕೋಳಿ ಬಿಟ್ಟರು. ಫಾರಂನವರು ಕೋಳಿಯನ್ನ ಗುಂಡಿ ತೋಡಿ ಹೂತರು. ಕೋಳಿ ಇಲ್ಲ ಅಂದಮೇಲೆ ಜೋಳ ಯಾರಿಗೆ ಬೇಕು? ಬೆಂಬಲ ಬೆಲೆ ಕ್ವಿಂಟಲ್‌ಗೆ 1,760 ಇತ್ತು. ನಮ್ಮೂರಿಗೆ ಬಂದ ವ್ಯಾಪಾರಿ 1,200 ಕೇಳಿದ. ಅಪ್ಪ ಕೊಟ್ಟ. ಬೀಜಕ್ಕೆ ಗೊಬ್ಬರಕ್ಕೆ ಮತ್ತೆಲ್ಲಿಂದ ತರಬೇಕು?

ಏಪ್ರಿಲ್‌ನಲ್ಲಿ ಕಿಟ್ ಬಂತು. ಬಿಳಿ ಚೀಲ, ಮೇಲೆ ನಾಯಕರ ಫೋಟೋ. ಐದು ಕೆಜಿ ಅಕ್ಕಿ, ಒಂದು ಕೆಜಿ ತೊಗರಿಬೇಳೆ, ಎಣ್ಣೆ ಪ್ಯಾಕೆಟ್, ಉಪ್ಪು, ಸಾಬೂನು. ಶಾಲೆ ಮೈದಾನದಲ್ಲಿ ಸುಣ್ಣದ ಚೌಕ ಬರೆದು ಜನರನ್ನ ನಿಲ್ಲಿಸಿದ್ದರು. ಹತ್ತು ಗಂಟೆಗೆ ಬನ್ನಿ ಅಂದಿದ್ದರು. ನಾಯಕರು ಬಂದಾಗ ಒಂದೂವರೆ. ನಮ್ಮ ಓಣಿಯ ಒಬ್ಬ ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಚೀಲ ಕೊಡುವಾಗ ಫೋಟೋ ತೆಗೆಯುವವನು, ‘ಅಜ್ಜಿ, ಸೆರಗು ತೆಗಿ, ಮುಖ ಕಾಣ್ತಿಲ್ಲ’ ಅಂದ. ಅಜ್ಜಿ ತೆಗೆದಳು. ರೋಗ ಬರಬಾರದು ಅಂತ ಬಾಯಿ ಮುಚ್ಚಿಸಿದ್ದು ಇದೇ ಜನ ಅಲ್ವಾ. ನನಗೆ ಇವತ್ತಿಗೂ ಹೊಟ್ಟೆಯೊಳಗೆ ಉರಿಯುವುದು ಅದೇ.

ನಿಮ್ಮೂರಲ್ಲಿ ಏನಾಯಿತು? ಯಾರು ಬಂದರು, ಏನು ತಂದರು, ಆಮೇಲೆ ಏನು ಕೇಳಿದರು? ಪಕ್ಷ ಯಾವುದಾದರೂ ಇರಲಿ, ಕಂಡಿದ್ದನ್ನ ಬರೆಯಿರಿ.

ಬೂತ್_ಕಾರ್ಯಕರ್ತ

ಅಣ್ಣಾ, ನಾನೂ ಕಿಟ್ ಹಂಚಿದವನೇ. ನಿಮ್ಮ ಅಜ್ಜಿಯ ವಿಷಯ ಓದಿ ಬೇಜಾರಾಯಿತು. ಆದರೆ ಒಂದು ಮಾತು ಹೇಳಲೇಬೇಕು.

ಸರ್ಕಾರದ ಉಚಿತ ಅಕ್ಕಿ ತಲೆಗೆ 5 ಕೆಜಿ ಅಂತ ಮಾರ್ಚ್ ಕೊನೆಗೆ ಹೇಳಿದರು. ಅದು ನಮ್ಮ ನ್ಯಾಯಬೆಲೆ ಅಂಗಡಿಗೆ ಬಂದು ಮುಟ್ಟುವಷ್ಟರಲ್ಲಿ ತಡವಾಗಿತ್ತು. ರೇಷನ್ ಕಾರ್ಡ್ ಇಲ್ಲದವರು ಎಷ್ಟೋ ಮಂದಿ. ಕುರಿ ಕಾಯಲು ಬಂದು ಸಿಕ್ಕಿಬಿದ್ದವರು, ಕಬ್ಬು ಕಡಿಯಲು ಬಂದವರು, ಇವರಿಗೆಲ್ಲ ಯಾವ ಕಾರ್ಡ್? ಅವರ ಒಲೆ ಹೊತ್ತಿದ್ದು ನಮ್ಮ ಚೀಲದಿಂದ. ರಾತ್ರಿ ಎರಡು ಗಂಟೆವರೆಗೆ ಕೂತು ಬೇಳೆ ಕಟ್ಟಿದ್ದೇವೆ. ನಮ್ಮ ಜೊತೆಗಿದ್ದ ಇಬ್ಬರಿಗೆ ಆಮೇಲೆ ಪಾಸಿಟಿವ್ ಬಂತು.

ಚೀಲದ ಮೇಲೆ ಫೋಟೋ ಇತ್ತು, ಹೌದು. ದುಡ್ಡು ಹಾಕಿದವರು ಹಾಕಿಸಿಕೊಂಡರು. ಫೋಟೋ ಇಲ್ಲದ ಚೀಲಕ್ಕೆ ಕಾದಿದ್ದರೆ ಆ ಮಕ್ಕಳು ಹಸಿದುಕೊಂಡೇ ಮಲಗುತ್ತಿದ್ದವು.

ಆಶಾ_ರಾಯಚೂರು

ನಾನು ಆಶಾ ಕಾರ್ಯಕರ್ತೆ. ಕಿಟ್ ಬಗ್ಗೆ ಜಗಳ ಮಾಡಲ್ಲ, ಹಸಿದವರಿಗೆ ಕೊಟ್ಟಿದ್ದು ಒಳ್ಳೆಯದೇ.

ನಮ್ಮ ಪಾಲಿಗೆ ಏನು ಬಂತು ಹೇಳುತ್ತೇನೆ. ಮನೆ ಮನೆಗೆ ಹೋಗಿ ಯಾರಿಗೆ ಕೆಮ್ಮು, ಯಾರಿಗೆ ಜ್ವರ, ಯಾರು ಊರಿಂದ ಬಂದರು ಅಂತ ಬರೆಯಬೇಕಿತ್ತು. ಮೊದಲು ಒಂದು ಬಟ್ಟೆ ಮಾಸ್ಕ್ ಕೊಟ್ಟರು. ದಿನಾ ಒಗೆದು ದಿನಾ ಹಾಕಿಕೊಂಡೆ. ಕೆಲವು ಮನೆಯವರು ಬಾಗಿಲು ತೆಗೆಯುತ್ತಿರಲಿಲ್ಲ. ‘ನೀನೇ ರೋಗ ಹೊತ್ತು ತರ್ತಿ’ ಅಂತ ಬೈದವರೂ ಇದ್ದಾರೆ. ಮನೆಗೆ ಬಂದರೆ ಅತ್ತೆ ಹಿತ್ತಲಲ್ಲಿ ಸ್ನಾನ ಮಾಡಿಸಿ ಒಳಗೆ ಬಿಡುತ್ತಿದ್ದರು.

ಮೇ ತಿಂಗಳಲ್ಲಿ ಒಂದು ದಿನ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಹೂ ಹಾಕಿದರು. ಶಾಲು ಹೊದಿಸಿದರು. ಫೋಟೋ ತೆಗೆದರು. ಎರಡು ತಿಂಗಳ ನಂತರ, ಜುಲೈ 10ರಿಂದ ತಿಂಗಳಿಗೆ 12,000 ಗೌರವಧನ ಬೇಕು ಅಂತ ರಾಜ್ಯದ ಎಲ್ಲ ಆಶಾಗಳೂ ಕೆಲಸ ನಿಲ್ಲಿಸಿ ಕೂತೆವು. ರಾಜ್ಯದಲ್ಲಿ ನಾವು ಸುಮಾರು 42 ಸಾವಿರ ಜನ. ಆಗ ಹೂ ಹಾಕಿದವರಲ್ಲಿ ಒಬ್ಬರೂ ನಮ್ಮ ಪಕ್ಕ ಬಂದು ನಿಲ್ಲಲಿಲ್ಲ. ಗುಂಪು ಸೇರಬಾರದು ಅಂತ ನಮಗೆ ಹೇಳಿದರು.

ಆ ಶಾಲು ಇನ್ನೂ ಟ್ರಂಕಿನಲ್ಲಿದೆ.

ಕಲ್ಲಂಗಡಿ_3ಎಕರೆ

ನನ್ನದು ಚಿತ್ರದುರ್ಗದ ಕಡೆ. ಸ್ವಂತ ಜಮೀನು ಇಲ್ಲ. ಮೂರು ಎಕರೆ ಗುತ್ತಿಗೆಗೆ ಹಿಡಿದು ಕಲ್ಲಂಗಡಿ ಹಾಕಿದ್ದೆ. ಮಲ್ಚಿಂಗ್ ಪೇಪರ್, ಡ್ರಿಪ್, ಬೀಜ, ಔಷಧಿ, ಎಲ್ಲ ಸಾಲ. ಏಪ್ರಿಲ್ ಮೊದಲ ವಾರಕ್ಕೆ ಕಾಯಿ ಕೂತಿತ್ತು. ರಂಜಾನ್ ಏಪ್ರಿಲ್ ಕೊನೆಗೆ ಅಂತ ಲೆಕ್ಕ ಹಾಕಿಯೇ ಬಿತ್ತಿದ್ದು. ವ್ಯಾಪಾರಿ ಹೊಲಕ್ಕೆ ಬಂದು ಬೆರಳಲ್ಲಿ ಬಡಿದು ನೋಡಿ, ಅಡ್ವಾನ್ಸ್ ಕೊಟ್ಟು ಹೋಗಿದ್ದ. ಆಮೇಲೆ ಅವನ ಫೋನ್ ಹತ್ತಲಿಲ್ಲ. ಸಿಕ್ಕಾಗ ‘ಲಾರಿ ಸಿಗ್ತಿಲ್ಲ, ಮಾರ್ಕೆಟ್ ಇಲ್ಲ, ಅಡ್ವಾನ್ಸ್ ಇಟ್ಕೊ’ ಅಂದ. ಅವನದೂ ತಪ್ಪಿಲ್ಲ ಬಿಡಿ.

ಬಿಸಿಲಿಗೆ ಹಣ್ಣು ಬಳ್ಳಿಯಲ್ಲೇ ಒಡೆಯಲು ಶುರುವಾಯಿತು. ರಾತ್ರಿ ಹೊಲದಲ್ಲಿ ಮಲಗಿದರೆ ಆ ಸದ್ದು ಕೇಳುತ್ತಿತ್ತು. ಟ್ರ್ಯಾಕ್ಟರ್‌ಗೆ ತುಂಬಿ ಊರೂರು ತಿರುಗಿದೆ. ಊರ ಮುಂದೆ ಮುಳ್ಳು, ಒಳಗೆ ಬಿಡಲಿಲ್ಲ. ಪಾಸ್ ತೋರಿಸಿದರೆ ಪೊಲೀಸರು ಬಿಡುತ್ತಿದ್ದರು, ಊರವರು ಬಿಡುತ್ತಿರಲಿಲ್ಲ. ಕೊನೆಗೆ ಬೇಲಿ ತೆಗೆದು ದನ ಬಿಟ್ಟೆ.

ಪರಿಹಾರದ ವಿಷಯಕ್ಕೆ ಬನ್ನಿ. ಮೇ 6ಕ್ಕೆ ಮುಖ್ಯಮಂತ್ರಿ ಯಡಿಯೂರಪ್ಪನವರು 1,610 ಕೋಟಿಯ ಪ್ಯಾಕೇಜ್ ಹೇಳಿದರು. ಹೂವಿಗೆ ಎಕರೆಗೆ 25 ಸಾವಿರ. ಒಂದು ವಾರ ಬಿಟ್ಟು ಹಣ್ಣು, ತರಕಾರಿಗೆ 15 ಸಾವಿರ. ಊರೆಲ್ಲ ಖುಷಿಪಟ್ಟಿತು. ನಮ್ಮ ಕಡೆಯ ಮುಖಂಡರು ಬಂದು ‘ನಿನಗೂ ಬರುತ್ತೆ ಕಣಪ್ಪಾ, ನಾನು ಹೇಳಿದ್ದೀನಿ’ ಅಂದರು. ಬಂತು, ಜಮೀನಿನ ಮಾಲೀಕರ ಖಾತೆಗೆ. ಪಹಣಿ ಅವರ ಹೆಸರಲ್ಲಿದೆ, ಬೆಳೆ ಸಮೀಕ್ಷೆಯೂ ಅವರ ಹೆಸರಲ್ಲೇ ಆಗಿದೆ. ಅವರು ದಾವಣಗೆರೆಯಲ್ಲಿದ್ದಾರೆ, ಒಳ್ಳೆಯ ಮನುಷ್ಯರು, ಅರ್ಧ ಕೊಟ್ಟರು. ಕೊಡದಿದ್ದರೆ ನಾನು ಯಾರನ್ನ ಕೇಳಬೇಕಿತ್ತು?

ಹಳೇ_ಪಿಡಿಒ

ಕಲ್ಲಂಗಡಿ ಅಣ್ಣನವರೇ, ಒಂದು ಚಿಕ್ಕ ತಿದ್ದುಪಡಿ. ಅದು ಎಕರೆಗೆ ಅಲ್ಲ, ಹೆಕ್ಟೇರ್‌ಗೆ. ಹೂವಿಗೆ ಹೆಕ್ಟೇರ್‌ಗೆ 25,000, ಅದೂ ಒಬ್ಬರಿಗೆ ಗರಿಷ್ಠ ಒಂದು ಹೆಕ್ಟೇರ್‌ಗೆ. ಒಂದು ಹೆಕ್ಟೇರ್ ಅಂದರೆ ಎರಡೂವರೆ ಎಕರೆಗೆ ಸ್ವಲ್ಪ ಕಮ್ಮಿ. ಅಲ್ಲಿಗೆ ಎಕರೆಗೆ ಬಿದ್ದಿದ್ದು ಸುಮಾರು ಹತ್ತು ಸಾವಿರ. ಹಣ್ಣು, ತರಕಾರಿಗೆ ಆರು ಸಾವಿರ ಚಿಲ್ಲರೆ. 2021ರ ಎರಡನೇ ಅಲೆಯಲ್ಲಿ ಇದನ್ನೂ ಇಳಿಸಿ, ಹೂವಿಗೂ ಹಣ್ಣಿಗೂ ಹೆಕ್ಟೇರ್‌ಗೆ 10,000 ಮಾಡಿದರು. ಎಷ್ಟೋ ಊರಲ್ಲಿ ಜನ ಇದನ್ನ ಎಕರೆ ಅಂತಲೇ ತಿಳಿದುಕೊಂಡರು. ಹೇಳಿದ ಮುಖಂಡರೂ ತಿದ್ದಲಿಲ್ಲ.

ನಾನು ಆಗ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯಾಗಿದ್ದೆ. ಈಗ ನಿವೃತ್ತ. ಚರ್ಚೆಯಲ್ಲಿ ಎಲ್ಲರೂ ಕಿಟ್ ಬಗ್ಗೆ ಮಾತಾಡುತ್ತಿದ್ದೀರಿ. ನನಗೆ ಬೇರೆಯೇ ಒಂದು ನೆನಪು ಕಾಡುತ್ತದೆ.

ಉದ್ಯೋಗ ಖಾತ್ರಿ ಕೂಲಿ 2020ರ ಏಪ್ರಿಲ್ 1ರಿಂದ ನಮ್ಮ ರಾಜ್ಯದಲ್ಲಿ 249ರಿಂದ 275 ರೂಪಾಯಿ ಆಯಿತು. ಗಂಡಿಗೂ ಹೆಣ್ಣಿಗೂ ಒಂದೇ ಕೂಲಿ. ಮನೆಗೆ ನೂರು ದಿನ ಅಂದರೆ 27,500 ರೂಪಾಯಿ. ಏಪ್ರಿಲ್ 20ರ ನಂತರ ಅಂತರ ಕಾಯ್ದುಕೊಂಡು ಕೆಲಸ ಮಾಡಬಹುದು ಅಂತ ಆದೇಶವೂ ಬಂತು. ಬದು ಹಾಕುವುದು, ಕೃಷಿ ಹೊಂಡ, ಕೆರೆ ಹೂಳು, ಮಾಡಲು ಕೆಲಸ ಬೇಕಾದಷ್ಟಿತ್ತು. ಪಟ್ಟಣದಿಂದ ವಾಪಸ್ ಬಂದ ಹುಡುಗರು ಊರಲ್ಲಿದ್ದರು. ಒಬ್ಬರ ಕೈಯಲ್ಲೂ ಕಾಸಿರಲಿಲ್ಲ.

ಇದಕ್ಕೆ ಬೇಕಿದ್ದದ್ದು ಒಂದು ಹಾಳೆ. ನಮೂನೆ 6. ಕೆಲಸ ಬೇಕು ಅಂತ ಅರ್ಜಿ. ಅರ್ಜಿ ಕೊಟ್ಟು ದಿನಾಂಕ ಇರುವ ರಸೀದಿ ತೆಗೆದುಕೊಂಡರೆ, 15 ದಿನದೊಳಗೆ ಪಂಚಾಯಿತಿ ಕೆಲಸ ಕೊಡಲೇಬೇಕು. ಇಲ್ಲದಿದ್ದರೆ ನಿರುದ್ಯೋಗ ಭತ್ಯೆ. ಆಗಿನ ಕಾನೂನು ಇದು. ಹೀಗೆ ಅರ್ಜಿ ತುಂಬಿಸಿಕೊಂಡು ಬಂದ ಮುಖಂಡರು ಆ ಮೂರು ತಿಂಗಳಲ್ಲಿ ನನ್ನ ಪಂಚಾಯಿತಿಗೆ ಒಬ್ಬರೇ. ಅವರೂ ಯಾವ ಪಕ್ಷದವರಲ್ಲ, ಒಂದು ಸ್ತ್ರೀಶಕ್ತಿ ಸಂಘದ ಹೆಣ್ಣುಮಗಳು. 62 ಅರ್ಜಿ ತಂದು ನನ್ನ ಮೇಜಿನ ಮೇಲಿಟ್ಟು, ‘ಸರ್, ರಸೀದಿ’ ಅಂತ ನಿಂತರು. ರಸೀದಿ ಕೊಟ್ಟರೆ ಗಡಿಯಾರ ಓಡಲು ಶುರುವಾಗುತ್ತದೆ. ಅದಕ್ಕೇ ನಮ್ಮಲ್ಲಿ ಬಹಳ ಜನ ರಸೀದಿ ಕೊಡುತ್ತಿರಲಿಲ್ಲ. ನಾನೂ ಮೊದಲು ‘ನಾಳೆ ಬಾಮ್ಮಾ’ ಅಂದೆ. ಆಕೆ ಹೋಗಲಿಲ್ಲ. ಬಾಗಿಲ ಹೊರಗೆ ಸಂಜೆವರೆಗೆ ಕೂತರು. ಐದು ಗಂಟೆಗೆ ಬರೆದುಕೊಟ್ಟೆ.

ಬೆಳಿಗ್ಗೆಯೇ ಕೊಡಬೇಕಿತ್ತು ನಾನು.

ಗುಳೆ_ಹೋದವ (ಯಾದಗಿರಿ)

ಪಿಡಿಒ ಸಾಹೇಬ್ರೆ, ಹೀಗೆ ಬಿಚ್ಚಿ ಹೇಳಿದವರನ್ನ ನೋಡಿರಲಿಲ್ಲ. ನಮಸ್ಕಾರ ನಿಮಗೆ.

ನಾನು ಬೆಂಗಳೂರಲ್ಲಿ ಕಟ್ಟಡ ಕೆಲಸಕ್ಕಿದ್ದೆ. ಹೆಂಡತಿ, ಎರಡು ಮಕ್ಕಳು, ತಗಡಿನ ಶೆಡ್. ಮೇಸ್ತ್ರಿ ಎರಡು ವಾರದ ಬಟವಾಡೆ ಬಾಕಿ ಇಟ್ಟು ಫೋನ್ ಬಂದ್ ಮಾಡಿದ. ನಲವತ್ತು ದಿನ ಆ ಶೆಡ್‌ನಲ್ಲಿದ್ದೆವು. ಮೇ ಮೊದಲ ವಾರ ಬಸ್ ಬಿಡುತ್ತಾರೆ ಅಂತ ಮೆಜೆಸ್ಟಿಕ್‌ಗೆ ನಡೆದು ಹೋದೆವು. ಮೊದಲು ಕೇಳಿದ ಟಿಕೆಟ್ ದರ ನಮ್ಮ ಕೈಗೆ ಎಟುಕುವಂಥದ್ದಲ್ಲ. ಆಮೇಲೆ ಆಗಿನ ಕೆಪಿಸಿಸಿ (ರಾಜ್ಯ ಕಾಂಗ್ರೆಸ್) ಅಧ್ಯಕ್ಷ ಡಿ.ಕೆ. ಶಿವಕುಮಾರ್ ಸಾರಿಗೆ ಸಂಸ್ಥೆಗೆ 1 ಕೋಟಿಯ ಚೆಕ್ ಕೊಡುತ್ತೇವೆ ಅಂದರು, ಸರ್ಕಾರ ಉಚಿತ ಮಾಡಿತು. ರಾಜಕೀಯ ಅಂತ ಎರಡೂ ಕಡೆಯವರು ಬೈದಾಡಿದರು. ಬೈದಾಡಲಿ ಬಿಡಿ, ನಮ್ಮ ಮಕ್ಕಳು ಬಸ್ ಹತ್ತಿದವು. ರಾಜಕೀಯ ಮಾಡಿದ್ದರಿಂದ ನಮಗೆ ಒಳ್ಳೆಯದಾಗಿದ್ದು ಅದೊಂದು ಸಲ. ಅದನ್ನ ನಾನು ಮರೆಯಲ್ಲ.

ನಮ್ಮ ಪಕ್ಕದ ಶೆಡ್‌ನಲ್ಲಿ ಬಿಹಾರದವರಿದ್ದರು. ಅವರಿಗೆ ರೈಲು ಬೇಕಿತ್ತು. ಬಿಲ್ಡರ್‌ಗಳ ಜೊತೆ ಸಭೆ ಆದಮೇಲೆ ಸರ್ಕಾರ ರೈಲೇ ಬೇಡ ಅಂತ ರೈಲ್ವೆಗೆ ಬರೆಯಿತು. ಕೆಲಸದವರು ಹೋದರೆ ಕಟ್ಟಡ ನಿಲ್ಲುತ್ತದೆ ಅಂತ. ದೇಶವೆಲ್ಲ ಕೂಗಿದ ಮೇಲೆ ಎರಡು ಮೂರು ದಿನದಲ್ಲಿ ಮತ್ತೆ ಬಿಟ್ಟರು. ನಾವು ಹೊರಡುವಾಗ ಅವರಲ್ಲೊಬ್ಬ ನನ್ನ ಮಗಳ ಕೈಗೆ ಬಿಸ್ಕತ್ ಪುಡಿಕೆ ಕೊಟ್ಟ. ಅವನ ಹತ್ತಿರ ಇದ್ದದ್ದೇ ಅದು.

ಊರಿಗೆ ಬಂದರೆ ಶಾಲೆಯಲ್ಲಿ ಕ್ವಾರಂಟೈನ್. ಮಹಾರಾಷ್ಟ್ರದಿಂದ ಬಂದವರೂ ಅಲ್ಲೇ ಇದ್ದರು. ಒಂದು ಕೋಣೆಗೆ ಹನ್ನೆರಡು ಮಂದಿ, ಎರಡು ಪಾಯಿಖಾನೆ. ಅಲ್ಲೂ ಊಟ ಯಾರ ಹೆಸರಲ್ಲಿ ಅಂತ ಇಬ್ಬರು ಮುಖಂಡರ ನಡುವೆ ಜಗಳ. ಒಂದು ಮಧ್ಯಾಹ್ನ ಆ ಜಗಳ ಮುಗಿಯುವಷ್ಟರಲ್ಲಿ ಅನ್ನ ಆರಿ ಹೋಗಿತ್ತು. ಕಾಂಪೌಂಡ್ ಆಚೆ ನಮ್ಮವ್ವ ರೊಟ್ಟಿ ಗಂಟು ಹಿಡಿದು ನಿಂತಿದ್ದಳು.

ಮೂರನೇ_ವಾರ್ಡ್

ಇಷ್ಟು ದಿನ ಬರೀ ಓದುತ್ತಿದ್ದೆ. ಇವತ್ತು ಬರೆಯುತ್ತೇನೆ.

2020ರ ಡಿಸೆಂಬರ್ 22ಕ್ಕೆ ನಮ್ಮಲ್ಲಿ ಮೊದಲ ಹಂತದ ಮತದಾನ. ಮಹಿಳಾ ಮೀಸಲು ಸ್ಥಾನ. ನಾನು ನಿಂತಿದ್ದೆ. ಠೇವಣಿ ನೂರು ರೂಪಾಯಿ. ಖರ್ಚಿಗೆ ನನ್ನ ಹತ್ತಿರ ಇದ್ದದ್ದು ಸಂಘದಲ್ಲಿ ಸಾಲ ತೆಗೆದ ಮೂರು ಸಾವಿರ.

ಹೆಸರಿಗೆ ಪಂಚಾಯಿತಿ ಚುನಾವಣೆಯಲ್ಲಿ ಪಕ್ಷದ ಚಿಹ್ನೆ ಇಲ್ಲ. ಆದರೆ ಯಾರು ಯಾವ ಕಡೆ ಅಂತ ಇಡೀ ಊರಿಗೆ ಗೊತ್ತು. ಅಕ್ಕಪಕ್ಕದ ಊರಿನಲ್ಲಿ ದೇವಸ್ಥಾನದ ಕಟ್ಟೆ ಮೇಲೆ ಸದಸ್ಯ ಸ್ಥಾನ ಹರಾಜು ಹಾಕಿದ ಸುದ್ದಿ ಬಂತು. ಲಾಕ್‌ಡೌನ್‌ನಿಂದ ಕೂಲಿ ಇಲ್ಲದೆ ಒಂಬತ್ತು ತಿಂಗಳು ಕಳೆದ ಊರಲ್ಲಿ, ಲಕ್ಷಗಟ್ಟಲೆ ಕೂಗುವ ದುಡ್ಡು ಯಾರ ಹತ್ತಿರ ಇರುತ್ತದೆ ಅಂತ ನೀವೇ ಯೋಚಿಸಿ.

ನಾನು ಮನೆ ಮನೆಗೆ ಹೋದೆ. ಒಂದು ಮನೆಯಲ್ಲಿ ವಯಸ್ಸಾದ ತಾಯಿ ಒಳಗೆ ಕರೆದು ನೀರು ಕೊಟ್ಟರು. ನನ್ನ ಕೈ ಹಿಡಿದುಕೊಂಡು, ‘ನೀನು ಒಳ್ಳೇವಳು ಮಗಳೇ. ಆದರೆ ಅವರು ಏಪ್ರಿಲ್‌ನಲ್ಲಿ ಚೀಲ ಕೊಟ್ಟಿದ್ದರು. ನಿನ್ನೆ ಬಂದು ಅಕ್ಕಿ ತಿಂದಿಲ್ವಾ ಅಂತ ಕೇಳಿದರು. ಅನ್ನದ ಋಣ ಇಟ್ಟುಕೊಂಡು ಸಾಯಬಾರದು’ ಅಂದರು. ನನಗೆ ಮಾತು ಹೊರಡಲಿಲ್ಲ. ಹನ್ನೊಂದು ವೋಟಿಗೆ ಸೋತೆ.

ಬೂತ್ ಕಾರ್ಯಕರ್ತ ಅಣ್ಣನವರಿಗೆ ಒಂದು ಪ್ರಶ್ನೆ. ಬೈಯಲು ಕೇಳುತ್ತಿಲ್ಲ. ಕೊಟ್ಟಾಗ ಅದು ದಾನ ಆಗಿತ್ತಾ, ಸಾಲ ಆಗಿತ್ತಾ? ಸಾಲ ಅಂತ ಮೊದಲೇ ಹೇಳಿದ್ದರೆ ಆ ತಾಯಿ ಹಿಟ್ಟು ಕಲಸಿಕೊಂಡು ಕುಡಿದು ದಿನ ದೂಡುತ್ತಿದ್ದರೇ ಹೊರತು ಮುಟ್ಟುತ್ತಿರಲಿಲ್ಲ.

ಗೋವಿನಜೋಳದ_ಹೊಲ (ಹಾವೇರಿ)

ಅಕ್ಕಾ, ಚಹಾ ಅಂಗಡಿ ಮುಂದೆ ನನಗೆ ಹೇಳಲು ಬಾರದೇ ಇದ್ದದ್ದು ಇದೇ. ನೀವು ಹೇಳಿದಿರಿ.

ರೈತಸಂಘ_ಮಂಡ್ಯ

ಕಿಟ್ ಒಂದೇ ರಾಜಕೀಯ ಅಲ್ಲ. ದೊಡ್ಡ ರಾಜಕೀಯ ವಿಧಾನಸೌಧದಲ್ಲಿ ನಡೆಯಿತು. ನಾವು ಮನೆಯಿಂದ ಹೊರಗೆ ಬರಬಾರದು ಅನ್ನುವ ಹೊತ್ತಿನಲ್ಲೇ ನಡೆಯಿತು.

ಮಂಡಿ ಹೊರಗೂ ಬೆಳೆ ಮಾರಬಹುದು ಅಂತ ಎಪಿಎಂಸಿ (ಕೃಷಿ ಮಾರುಕಟ್ಟೆ) ಕಾಯ್ದೆಗೆ ತಿದ್ದುಪಡಿ ತರುವ ಸುಗ್ರೀವಾಜ್ಞೆ 2020ರ ಮೇ ತಿಂಗಳಲ್ಲಿ. ಜೂನ್‌ನಲ್ಲಿ ಕೇಂದ್ರದ ಮೂರು ಕೃಷಿ ಸುಗ್ರೀವಾಜ್ಞೆಗಳು. ಜುಲೈನಲ್ಲಿ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ತೆಗೆದರು. ಕೃಷಿಕರಲ್ಲದವರೂ, ಎಷ್ಟು ವರಮಾನ ಇದ್ದರೂ ಜಮೀನು ಕೊಳ್ಳಬಹುದು ಅಂತ ಮಾಡಿದರು. ಹಳ್ಳಿಯವನ ಕೈ ಬರಿದಾಗಿ ಜಮೀನು ಮಾರಲು ನೋಡುತ್ತಿದ್ದ ಹೊತ್ತು ಅದು. ಆ ಹೊತ್ತಿಗೇ ಕೊಳ್ಳುವವರಿಗೆ ಬಾಗಿಲು ತೆಗೆದರು. ಶಾಸನಸಭೆ ಸೇರಲು ಆಗದ ಕಾಲ ಅಂತ ಸುಗ್ರೀವಾಜ್ಞೆ. ಬೀದಿಗೆ ಬರಲು ಆಗದ ಕಾಲ ಅಂತ ನಮ್ಮ ಮೇಲೆ ಕೇಸು. ಸೆಪ್ಟೆಂಬರ್ 28ಕ್ಕೆ ಕರ್ನಾಟಕ ಬಂದ್ ಮಾಡಿದೆವು. ಡಿಸೆಂಬರ್‌ನಲ್ಲಿ ಪರಿಷತ್ತಿನಲ್ಲೂ ಭೂ ಸುಧಾರಣೆ ಮಸೂದೆ ಪಾಸಾಯಿತು.

ದೆಹಲಿ ಗಡಿಯಲ್ಲಿ ಒಂದು ವರ್ಷ ಕೂತವರಿಂದ ಕೇಂದ್ರದ ಮೂರು ಕಾಯ್ದೆ 2021ರಲ್ಲಿ ವಾಪಸ್ ಹೋದವು.

ಟೊಮೇಟೊ_ಕೋಲಾರ

ಅಣ್ಣಾ, ಭೂಮಿ ವಿಷಯದಲ್ಲಿ ನಿಮ್ಮ ಮಾತಿಗೆ ನನ್ನ ತಕರಾರಿಲ್ಲ. ಎಪಿಎಂಸಿ ವಿಷಯದಲ್ಲಿ ಇದೆ.

ಲಾಕ್‌ಡೌನ್‌ನಲ್ಲಿ ಮಂಡಿ ಇದ್ದೂ ಇಲ್ಲದಂತಾಗಿತ್ತು. ಹದಿನೈದು ಕೆಜಿ ಬಾಕ್ಸ್ ಟೊಮೇಟೊಗೆ ಮೂವತ್ತು ರೂಪಾಯಿ ಕೂಗಿದರು. ಬಾಡಿಗೆ, ಕಮಿಷನ್, ಹಮಾಲಿ ಕಳೆದು ನಾನೇ ಕೈಯಿಂದ ಕೊಟ್ಟು ಬರುವ ಹಾಗಿತ್ತು. ಅದೇ ವಾರ ಬೆಂಗಳೂರಿನ ಒಂದು ಅಪಾರ್ಟ್‌ಮೆಂಟ್‌ನವರು ವಾಟ್ಸಾಪ್‌ನಲ್ಲಿ ಕೇಳಿ ನೇರ ತರಿಸಿಕೊಂಡರು. ಕೆಜಿಗೆ ಹನ್ನೆರಡು ಕೊಟ್ಟರು. ನನ್ನ ಆ ಬೆಳೆ ಉಳಿದದ್ದು ಅದರಿಂದ. ಮಂಡಿ ಹೊರಗೆ ಮಾರಲು ಬಿಡಬೇಕು ಅಂತ ನನಗೆ ಆಗಲೂ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ.

ರೈತಸಂಘ_ಮಂಡ್ಯ

ಒಪ್ಪುತ್ತೇನೆ ತಮ್ಮಾ, ಮಂಡಿಯಲ್ಲಿ ಮೋಸ ಇಲ್ಲ ಅಂತ ನಾನು ಹೇಳಲ್ಲ. ಆದರೆ ನಿನ್ನಿಂದ ತರಿಸಿಕೊಂಡ ಅಪಾರ್ಟ್‌ಮೆಂಟ್‌ನವರು ಮುಂದಿನ ವರ್ಷವೂ ತರಿಸಿಕೊಂಡರಾ?

ಟೊಮೇಟೊ_ಕೋಲಾರ

ಇಲ್ಲ. ಅಂಗಡಿ ತೆಗೆದ ಮೇಲೆ ಒಬ್ಬರೂ ಫೋನ್ ಮಾಡಲಿಲ್ಲ. ಆದರೂ ಕಾನೂನು ಮಾಡುವ ಮೊದಲು ನಮ್ಮಂಥವರನ್ನ ಕೂರಿಸಿ ಕೇಳಿದ್ದರೆ, ನಿಮ್ಮದೂ ನನ್ನದೂ ಎರಡೂ ಮಾತು ಅದರಲ್ಲಿ ಸೇರುತ್ತಿದ್ದವು. ಆ ಸಿಟ್ಟು ನನಗೂ ಇದೆ.

ಹಳೇ_ಪಿಡಿಒ

ಕೇಳುವ ಜಾಗವೇ ಮುಚ್ಚಿತ್ತು ನೋಡಿ. ಅದನ್ನೇ ಹೇಳಬೇಕು ಅಂತಿದ್ದೆ.

ಹಳೆಯ ಪಂಚಾಯಿತಿಗಳ ಅವಧಿ 2020ರ ಮೇ, ಜೂನ್ ಹೊತ್ತಿಗೆ ಮುಗಿಯಿತು. ಕೊರೊನಾ ಅಂತ ಚುನಾವಣೆ ಮುಂದೆ ಹೋಯಿತು. ಸದಸ್ಯರ ಜಾಗಕ್ಕೆ ಆಡಳಿತಾಧಿಕಾರಿ ಬಂದರು. ಒಬ್ಬ ಅಧಿಕಾರಿಗೆ ಹಲವು ಪಂಚಾಯಿತಿ. ಗ್ರಾಮ ಸಭೆ ಇಲ್ಲ, ವಾರ್ಡ್ ಸಭೆ ಇಲ್ಲ. ಊರಿಗೆ ಜನ ವಾಪಸ್ ಬಂದು, ಕುಡಿಯುವ ನೀರಿನಿಂದ ಹಿಡಿದು ಕೆಲಸದವರೆಗೆ ಎಲ್ಲವೂ ಜಾಸ್ತಿ ಬೇಕಾಗಿದ್ದ ಹೊತ್ತಿನಲ್ಲಿ, ಬೀದಿಯಲ್ಲಿ ನಿಲ್ಲಿಸಿ ಕೇಳಲು ಒಬ್ಬ ಸದಸ್ಯನೂ ಇರಲಿಲ್ಲ. ನವೆಂಬರ್‌ನಲ್ಲಿ ಹೈಕೋರ್ಟ್ ಮೂರು ವಾರದೊಳಗೆ ವೇಳಾಪಟ್ಟಿ ಹೊರಡಿಸಿ ಅಂತ ಹೇಳಿದ ಮೇಲೆಯೇ ಡಿಸೆಂಬರ್ 22 ಮತ್ತು 27ಕ್ಕೆ ಮತದಾನ ಆಗಿದ್ದು.

ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿಯಿತು. 2025 ಬಂದರೂ ಅವಕ್ಕೆ ಚುನಾವಣೆ ಆಗಿರಲಿಲ್ಲ. ಕೊರೊನಾ ಹೋಗಿ ಇಷ್ಟು ವರ್ಷ ಆಯಿತು.

ಬಸವಕಲ್ಯಾಣ_ಕಡೆ

ನಮ್ಮಲ್ಲಿ ಇದಕ್ಕೆ ಉಲ್ಟಾ ಆಯಿತು ಸರ್. ಚುನಾವಣೆ ಬೇಡವಾಗಿದ್ದ ಹೊತ್ತಿಗೆ ಮಾಡಿದರು.

ನಮ್ಮ ಶಾಸಕರು ಬಿ. ನಾರಾಯಣರಾವ್ 2020ರ ಸೆಪ್ಟೆಂಬರ್‌ನಲ್ಲಿ ಕೊರೊನಾದಿಂದಲೇ ತೀರಿಕೊಂಡರು. ಅವರ ಜಾಗಕ್ಕೆ ಉಪಚುನಾವಣೆ 2021ರ ಏಪ್ರಿಲ್ 17ಕ್ಕೆ. ಅದೇ ದಿನ ಮಸ್ಕಿ ವಿಧಾನಸಭೆ ಮತ್ತು ಬೆಳಗಾವಿ ಲೋಕಸಭೆ ಉಪಚುನಾವಣೆ. ಎರಡನೇ ಅಲೆ ಮನೆ ಬಾಗಿಲಿಗೆ ಬಂದಿತ್ತು. ಎಲ್ಲ ಪಕ್ಷದ ದೊಡ್ಡ ದೊಡ್ಡವರು ಬಂದರು. ಟಂಟಂ ಗಾಡಿಯಲ್ಲಿ ಜನರನ್ನ ತುಂಬಿ ತಂದರು. ಮಾಸ್ಕ್ ಗಲ್ಲದ ಕೆಳಗೆ. ನಮ್ಮ ಕಾಕಾನ ಮಗ ಪ್ರಚಾರಕ್ಕೆ ಹೋಗಿದ್ದ, ದಿನಕ್ಕೆ ಮುನ್ನೂರು ಕೊಡುತ್ತಾರೆ ಅಂತ. ಅವನಿಗೆ ಜ್ವರ ಬಂದಾಗ ಮತ ಎಣಿಕೆ ಇನ್ನೂ ಆಗಿರಲಿಲ್ಲ. ಬೆಡ್‌ಗೆ ಮೂರು ಊರು ತಿರುಗಿದೆವು. ಪ್ರಚಾರಕ್ಕೆ ಕರೆದವರ ನಂಬರ್‌ಗೆಲ್ಲ ಹಚ್ಚಿದೆ. ಒಬ್ಬರು ಎತ್ತಿದರು, ‘ನೋಡ್ತೀನಿ’ ಅಂದರು. ಅವನು ಹೋದ ಮೇಲೆ ಮೂರನೇ ದಿನಕ್ಕೆ ವಾಪಸ್ ಫೋನ್ ಬಂತು.

ಏಪ್ರಿಲ್ 27ರ ರಾತ್ರಿಯಿಂದ ರಾಜ್ಯ ಬಂದ್. ಅದೇ ತಿಂಗಳು ರೇಷನ್ ಅಕ್ಕಿ ತಲೆಗೆ 5 ಕೆಜಿಯಿಂದ 2 ಕೆಜಿಗೆ ಇಳಿಸಿ ಉಳಿದದ್ದಕ್ಕೆ ರಾಗಿ, ಜೋಳ ಅಂದಿದ್ದರು. ಅದನ್ನ ಪ್ರಶ್ನೆ ಮಾಡಿ ಫೋನ್ ಮಾಡಿದ ಗದಗ ಕಡೆಯವರಿಗೆ ಆಗಿನ ಆಹಾರ ಸಚಿವರು ಸಾಯುವುದೇ ಒಳ್ಳೆಯದು ಅನ್ನುವ ಹಾಗೆ ಹೇಳಿದ್ದನ್ನ ರಾಜ್ಯವೆಲ್ಲ ಕೇಳಿತು. ಆಮೇಲೆ ಕ್ಷಮೆ ಕೇಳಿದರು. ಮೇ 2ಕ್ಕೆ ನಮ್ಮ ಫಲಿತಾಂಶ. ಅದೇ ರಾತ್ರಿ ಚಾಮರಾಜನಗರ ಜಿಲ್ಲಾಸ್ಪತ್ರೆಯಲ್ಲಿ ಆಕ್ಸಿಜನ್ ಮುಗಿಯಿತು. ಒಂದು ದಿನದಲ್ಲಿ 24 ಜನ ತೀರಿಕೊಂಡರು ಅಂತ ಮರುದಿನ ಟಿವಿಯಲ್ಲಿ. ಒಂದು ಚಾನೆಲ್‌ನಲ್ಲಿ ಸೀಟಿನ ಲೆಕ್ಕ, ಇನ್ನೊಂದರಲ್ಲಿ ಸಾವಿನ ಲೆಕ್ಕ. ನಮ್ಮ ಕಾಕು ಟಿವಿಯ ವೈರ್ ಕಿತ್ತು ಹಾಕಿದಳು.

ಇದಕ್ಕಿಂತ ಜಾಸ್ತಿ ಬರೆಯಲು ಆಗುತ್ತಿಲ್ಲ.

ಆಶಾ_ರಾಯಚೂರು

ತಮ್ಮಾ, ನಿಮ್ಮ ಕಾಕುಗೆ ನನ್ನ ನಮಸ್ಕಾರ ತಿಳಿಸು. ಮಸ್ಕಿಯಲ್ಲಿ ಅದೇ ತಿಂಗಳು ನಾನೂ ಮತಗಟ್ಟೆ ಬಾಗಿಲಲ್ಲಿ ಥರ್ಮಲ್ ಗನ್ ಹಿಡಿದು ನಿಂತಿದ್ದೆ.

ಬೂತ್_ಕಾರ್ಯಕರ್ತ

ಎರಡು ದಿನ ಬರೆಯಲಿಲ್ಲ. ಯೋಚನೆ ಮಾಡುತ್ತಿದ್ದೆ.

ಮೂರನೇ ವಾರ್ಡ್ ಅಕ್ಕಾ, ನೀವು ಕೇಳಿದ್ದಕ್ಕೆ ನೇರವಾಗಿ ಉತ್ತರ ಕೊಡುತ್ತೇನೆ. ಕೊಡುವಾಗ ನನ್ನ ಮನಸ್ಸಿನಲ್ಲಿ ಸಾಲ ಇರಲಿಲ್ಲ. ದೇವರಾಣೆ. ಆದರೆ ಪಟ್ಟಿ ಬರೆದದ್ದು ನಾನು. ನಮ್ಮೂರಲ್ಲಿ 240 ಮನೆ, ಬಂದದ್ದು 180 ಕಿಟ್. ಯಾರನ್ನ ಬಿಡುವುದು ಅಂತ ಪ್ರಶ್ನೆ ಬಂತು. ಉಳ್ಳವರನ್ನ ಬಿಡೋಣ ಅಂದೆ. ಮೇಲಿನವರು ಮತದಾರರ ಪಟ್ಟಿ ತೆಗೆದುಕೊಂಡು ಬಾ ಅಂದರು. ತಂದೆ. ಕೆಂಪು ಪೆನ್ನಿನಲ್ಲಿ ಗುರುತು ಹಾಕಿದರು. ಹಾಕುವಾಗ ‘ಇವರು ನಮ್ಮವರಲ್ಲ’ ಅಂತ ಕೆಲವು ಮನೆ ನಾನೇ ತೋರಿಸಿದೆ. ಅದರಲ್ಲಿ ಒಂದು ಮನೆ ನನ್ನ ಜೊತೆ ಓದಿದವನದ್ದು. ಅವನ ಹೆಂಡತಿ ಬಾಣಂತಿ. ನಮ್ಮ ಟೆಂಪೋ ಅವನ ಮನೆ ಮುಂದೆಯೇ ಹೋಯಿತು. ಅವನು ಬಾಗಿಲಲ್ಲಿ ನಿಂತಿದ್ದ, ಮಗು ಎತ್ತಿಕೊಂಡು. ನಾನು ಆ ಕಡೆ ನೋಡಲಿಲ್ಲ.

ಡಿಸೆಂಬರ್‌ನಲ್ಲಿ ‘ಅಕ್ಕಿ ತಿಂದಿಲ್ವಾ’ ಅಂತ ನಾನು ಯಾರನ್ನೂ ಕೇಳಿಲ್ಲ. ಕೇಳಿದವರ ಜೊತೆ ಹೋಗಿದ್ದೆ. ಸುಮ್ಮನೆ ನಿಂತಿದ್ದೆ.

ಮೊದಲು ಬರೆದಾಗ ಇದನ್ನ ಬಿಟ್ಟು ಬರೆದಿದ್ದೆ. ಈಗ ಬರೆದಿದ್ದೇನೆ.

ಮೂರನೇ_ವಾರ್ಡ್

ಇಷ್ಟು ಬರೆಯಲು ಎದೆ ಬೇಕು ಅಣ್ಣಾ. ನನಗೆ ಸಿಟ್ಟು ಹೋಗಿದೆ ಅಂತ ಹೇಳಲ್ಲ. ನಿಮ್ಮ ಜೊತೆ ಓದಿದವರ ಮನೆಗೆ ಒಂದು ಸಲ ಹೋಗಿ ಬನ್ನಿ.

ಗುಳೆ_ಹೋದವ (ಯಾದಗಿರಿ)

ಪಿಡಿಒ ಸಾಹೇಬ್ರೆ, ಆ ನಮೂನೆ 6 ಈಗಲೂ ನಡೆಯುತ್ತದಾ? ನಮ್ಮೂರಲ್ಲಿ ‘ಈಗ ಕೆಲಸ ಇಲ್ಲ, ಬಂದಾಗ ಕರೀತೀವಿ’ ಅಂತ ಬಾಯಲ್ಲೇ ಹೇಳಿ ಕಳಿಸುತ್ತಾರೆ. ಈ ಸಲ ಗುಳೆ ಹೋಗಬಾರದು ಅಂತಿದ್ದೇನೆ. ಮಗಳು ಏಳನೇ ಕ್ಲಾಸ್.

ಹಳೇ_ಪಿಡಿಒ

2025ರಲ್ಲೂ ನಡೆಯುತ್ತಿತ್ತು, ಆ ವರ್ಷ ಕೂಲಿ 370. ಬಾಯಲ್ಲಿ ಕೇಳಬೇಡಿ, ಬಾಯಲ್ಲಿ ಕೇಳಿದ್ದಕ್ಕೆ ದಾಖಲೆ ಇರುವುದಿಲ್ಲ. ಜಾಬ್ ಕಾರ್ಡ್ ನಂಬರ್, ಎಷ್ಟು ದಿನ ಕೆಲಸ ಬೇಕು, ಯಾವ ತಾರೀಕಿನಿಂದ, ಇಷ್ಟು ಬರೆದು ಸಹಿ ಹಾಕಿ. ಒಬ್ಬರೇ ಹೋಗಬೇಡಿ, ಹತ್ತು ಮನೆಯವರು ಒಟ್ಟಿಗೆ ಹೋಗಿ. ಕೆಳಗಿನ ಸ್ವೀಕೃತಿ ಚೀಟಿಯಲ್ಲಿ ತಾರೀಕು, ಸಹಿ, ಸೀಲು ಮೂರೂ ಇರಬೇಕು. ಕೊಡದಿದ್ದರೆ ತಾಲ್ಲೂಕು ಪಂಚಾಯಿತಿ ಕಾರ್ಯನಿರ್ವಾಹಕ ಅಧಿಕಾರಿಗೆ ರಿಜಿಸ್ಟರ್ಡ್ ಪೋಸ್ಟ್ ಮಾಡಿ. ನಾನು ಖಾಲಿ ನಮೂನೆಯ ಫೋಟೋ ಇವತ್ತು ರಾತ್ರಿ ಇಲ್ಲೇ ಹಾಕುತ್ತೇನೆ.

ಕಲ್ಲಂಗಡಿ_3ಎಕರೆ

ಸರ್, ಗುತ್ತಿಗೆಗೆ ಉಳುವವರಿಗೆ ಪರಿಹಾರ ಬರುವ ಹಾಗೆ ಏನಾದರೂ ದಾರಿ ಇದ್ದರೆ ಅದನ್ನೂ ಬರೆಯಿರಿ. ಕಾಗದದ ಮೇಲೆ ಮಾಲೀಕರು ಸಹಿ ಮಾಡಲು ಹೆದರುತ್ತಾರೆ, ಜಮೀನು ನಮ್ಮದಾಗಿಬಿಡುತ್ತದೆ ಅಂತ.

ಹಳೇ_ಪಿಡಿಒ

ಅದು ಕಷ್ಟದ ಪ್ರಶ್ನೆ ಅಣ್ಣಾ. ಅವರ ಹೆದರಿಕೆಗೆ ಕಾರಣ 1974ರ ‘ಉಳುವವನೇ ಭೂಮಿಯ ಒಡೆಯ’ ತಿದ್ದುಪಡಿ. ಗೇಣಿ ಕೊಡುವುದನ್ನೇ ಆಗ ನಿಲ್ಲಿಸಿದರು, ಅದಕ್ಕೇ ಇವತ್ತಿನ ಗುತ್ತಿಗೆಯೆಲ್ಲ ಬಾಯಿಮಾತಿನದ್ದು. ಅದಕ್ಕೆ ಬೇರೆ ಚರ್ಚೆಯೇ ಶುರು ಮಾಡೋಣ, ಇದರಲ್ಲಿ ಮುಗಿಯುವುದಲ್ಲ.

ಬೂತ್_ಕಾರ್ಯಕರ್ತ

ಸರ್, ಫೋಟೋ ಸ್ಪಷ್ಟ ಬರುವ ಹಾಗೆ ಹಾಕಿ. ನಮ್ಮೂರಿಗೆ ಜೆರಾಕ್ಸ್ ನಾನು ಮಾಡಿಸುತ್ತೇನೆ. 240 ಮನೆಗೂ.